ಸ್ವಯಂವರ ಯಂತ್ರವೂ ಅರಿಶಿನದ ಕೊಂಬೂ

"ಅಕ್ಕಾ, ಸ್ವಲ್ಪ ಹಿಂದೆ ಸರಿ. ಭಾವ, ನೀವೂ ಅಷ್ಟೆ. ಇದು ಒಂದು ಸಲ ಶುರುವಾದ್ರೆ ಮುಗೀತು, ಯಾರ ಮಾತೂ ಕೇಳಲ್ಲ!"

ವೀರಭದ್ರ ಇದನ್ನು ಹೆಮ್ಮೆಯಿಂದ ಹೇಳಿದ. ಆ ಯಂತ್ರದ ದೋಷವೇ ಅದು ಎಂದು ಅವನಿಗೆ ಹೊಳೆಯಲಿಲ್ಲ. ವಿಶಾಲಮ್ಮನಿಗೆ ಹೊಳೆಯಿತು. ಆದರೆ ಎತ್ತಿ ಆಡಿಸಿದ ತಮ್ಮ, ಏನು ಹೇಳುವುದು?

ಕುಣಿಗಲ್ಲಿನ ಅಕ್ಕಸಾಲಿಗರ ಬೀದಿಯಲ್ಲಿ ಅವಳ ಗಂಡ ಮೌನೇಶಾಚಾರಿಗೆ ಒಳ್ಳೆಯ ಹೆಸರಿತ್ತು. ಈಚೆಗೆ ಕೈ ನಡುಗಲು ಶುರುವಾಗಿ, ಅರ ಹಿಡಿದರೆ ಒಡವೆಗಿಂತ ಬೆರಳೇ ಹೆಚ್ಚು ಸವೆಯುತ್ತಿತ್ತು. ಉಜ್ಜಲು, ಕೊರೆಯಲು, ಹೊಳಪು ಕೊಡಲು ಗಿರ್ರನೆ ತಿರುಗುವ ಒಂದು ಮಿಷನ್ ತಂದುಕೊಡು ಎಂದು ಭಾವಮೈದುನನನ್ನು ಪೇಟೆಗೆ ಕಳಿಸಿದ್ದ. ಅಂಗಡಿಯಲ್ಲಿ ಮೂರು ಜಾತಿ ಇದ್ದವಂತೆ. ಒಂದು ಮೂಲಂಗಿ ಗಾತ್ರದ್ದು, ಕೈಯಲ್ಲೇ ಹಿಡಿಯಬೇಕು, ಸ್ವಲ್ಪ ಹೊತ್ತಿಗೇ ಅಂಗೈ ಸುಡುತ್ತದೆ. ಇನ್ನೊಂದನ್ನು ಮೇಲೆ ನೇತುಹಾಕಿ, ಅದರ ಉದ್ದ ಬಾಲದ ತುದಿಯನ್ನು ಪೆನ್ನಿನ ಹಾಗೆ ಹಿಡಿದು, ಕಾಲಲ್ಲಿ ಪೆಡಲ್ ಒತ್ತಬೇಕು. ಮತ್ತೊಂದು ಮೇಜಿನ ಮೇಲೆ ಕೂರುವ ಪುಟ್ಟ ಡಬ್ಬಿ. ನಾಜೂಕು ಕೆಲಸಕ್ಕೆ ಸರಿ, ಒರಟು ಕೆಲಸಕ್ಕೆ ಬಾರದು. ಯಾವ ಕೆಲಸಕ್ಕೆ ಬೇಕು, ಎಷ್ಟು ಸ್ಪೀಡ್ ಬೇಕು, ತುದಿಗೆ ಕಲ್ಲೋ ಬ್ರಷ್ಷೋ ಬಟ್ಟೆಚಕ್ರವೋ ಎಂದು ಅಂಗಡಿಯವನು ಕೇಳಿದ್ದೇ ಕೇಳಿದ್ದು. ವೀರಭದ್ರನಿಗೆ ಸಿಟ್ಟು ನೆತ್ತಿಗೇರಿತು. ಇಷ್ಟೆಲ್ಲ ಮನುಷ್ಯನೇ ಆರಿಸಬೇಕಾದರೆ ಮಿಷನ್ ಯಾಕೆ? ಬರಿಗೈಯಲ್ಲಿ ವಾಪಸ್ ಬಂದು, ಹಿತ್ತಲ ಶೆಡ್ಡಿನಲ್ಲಿ ಕೂತು, ಎಲ್ಲವನ್ನೂ ತಾನೇ ಆರಿಸಿಕೊಳ್ಳುವ ಯಂತ್ರ ಕಟ್ಟಿದ. ಹೆಸರು ಸ್ವಯಂವರ!

ಕೊಡದಷ್ಟು ಮೈ, ನಾಲ್ಕು ಚಕ್ರ, ಮೇಲೊಂದು ಉದ್ದನೆಯ ಸೊಂಡಿಲು. ಸೊಂಡಿಲ ತುದಿಯಲ್ಲಿ ತಾತನ ಒರೆಗಲ್ಲಿನ ಚೂರು.

"ಮೂಸಿದ್ರೆ ಸಾಕು, ಕಲಬೆರಕೆ ಇದ್ರೆ ಗುರ್ ಅಂತ ಉಜ್ಜಿ ತೆಗೆಯುತ್ತೆ. ಚೊಕ್ಕ ಚಿನ್ನ ಸಿಕ್ರೆ ಸಿಳ್ಳೆ ಹಾಕುತ್ತೆ. ಇನ್ನೊಂದು ಕೇಳಕ್ಕ! ಒಂದು ಓಲೆ ಮುಗಿಸಿದ್ರೆ, ಅದೇ ಚಿನ್ನದ ಗಟ್ಟೀಲಿ ಮಾಡಿದ ಜೊತೆ ಓಲೆ ಎಲ್ಲಿದ್ರೂ ಹುಡುಕ್ಕೊಂಡು ಹೋಗಿ ಅದಕ್ಕೂ ಹೊಳಪು ಕೊಡುತ್ತೆ!"

"ಒಂದು ಮಿಷನ್ ತಗೊಂಬಾ ಅಂದ್ರೆ ಆನೆಮರಿ ತಂದಿದೀಯಲ್ಲೋ" ಎಂದು ಮೌನೇಶಾಚಾರಿ ನಕ್ಕ. ಬಂಗಾರದ ಹಲ್ಲು ಮಿನುಗಿತು. ಆ ಹಲ್ಲು ಕಟ್ಟಿಸಿಕೊಂಡ ಮೇಲೆ ಅವನು ಕಾರಣವಿಲ್ಲದೆಯೂ ನಗುವುದನ್ನು ಕಲಿತಿದ್ದ.

"ಮೊದಲು ಅಕ್ಕನ ತಾಳಿ ಕೊಡಿ."

ನಗು ನಿಂತಿತು. "ಅದು ಬೇಡ. ಅದನ್ನ ನಾನೇ ಕೈಯಾರೆ ಮಾಡೋದು."

ಮರುದಿನ ಭೀಮನ ಅಮಾವಾಸ್ಯೆ. ಪ್ರತಿ ವರ್ಷವೂ ಅದರ ಹಿಂದಿನ ದಿನ ಮೌನೇಶಾಚಾರಿ ಹೆಂಡತಿಯ ತಾಳಿ ಬಿಚ್ಚಿಸಿಕೊಂಡು, ಬಾಗಿಲು ಹಾಕಿಕೊಂಡು ಒಬ್ಬನೇ ಕೂತು ಹೊಳಪು ಕೊಡುತ್ತಿದ್ದ. ಅಲ್ಲಿಯವರೆಗೆ ಅವಳ ಕೊರಳಲ್ಲಿ ದಾರಕ್ಕೆ ಕಟ್ಟಿದ ಅರಿಶಿನದ ಕೊಂಬು. ಸಂಜೆ ದೇವರ ಮುಂದೆ ಮತ್ತೆ ತಾಳಿ ಕಟ್ಟುತ್ತಿದ್ದ. ಬೆಳಗ್ಗೆ ಅವಳು ಅವನ ಪಾದ ತೊಳೆದು ಪೂಜೆ ಮಾಡುತ್ತಿದ್ದಳು. ಒಂದು ಸೀರೆ ತಂದವನಲ್ಲ, ಒಂದು ಒಳ್ಳೆಯ ಮಾತು ಆಡಿದವನಲ್ಲ. ಬೀದಿಯ ಹೆಂಗಸರ ಮುಂದೆ ಹೇಳಿಕೊಳ್ಳಲು ಅವಳಿಗಿದ್ದದ್ದು ಈ ಹೊಳಪೊಂದೇ. ಅದನ್ನೇ ನಂಬಿ ಅವಳು ಇಷ್ಟು ವರ್ಷ ಸಂಸಾರ ಮಾಡಿದ್ದಳು.

"ಬಿಡೋ ಭದ್ರಾ, ಅದು ನಿಮ್ಮ ಭಾವನ ಕೆಲಸ" ಎಂದಳು. ಆಗಲೇ ಬಿಚ್ಚಿಟ್ಟಿದ್ದ ತಾಳಿ ದೇವರ ಮುಂದಿನ ತಟ್ಟೆಯಲ್ಲೇ ಉಳಿಯಿತು.

ಅಷ್ಟರಲ್ಲಿ ಮೇಷ್ಟ್ರ ಹೆಂಡತಿ ಜಯಶೀಲಮ್ಮ ಮಾಡಲು ಕೊಟ್ಟಿದ್ದ ಜುಮುಕಿ ಕೇಳಿಕೊಂಡು ಬಂದರು. ವೀರಭದ್ರನಿಗೆ ಅಷ್ಟೇ ಸಾಕು! ಜುಮುಕಿಯನ್ನು ಯಂತ್ರದ ಮುಂದಿಟ್ಟ. ಸ್ವಯಂವರ ಮೂಸಿತು, ಟಕ್ಕೆಂದು ತಾನೇ ಒಂದು ಕಲ್ಲು ಸಿಕ್ಕಿಸಿಕೊಂಡಿತು, ಗುರ್ ಎಂದಿತು. ಬೆಸುಗೆ ಇದ್ದಲ್ಲೆಲ್ಲ ತಿಂದುಹಾಕಿತು. ಜುಮುಕಿ ಎಸಳೆಸಳಾಗಿ ಉದುರಿ, ಮುತ್ತುಗಳು ಮಂಚದ ಕೆಳಗೆ ಓಡಿದವು.

"ಅಯ್ಯಯ್ಯೋ! ಏನ್ ಆಚಾರ್ರೇ, ಬರೀ ಬೆಸುಗೇನೇ ತುಂಬಿದೀರಾ?"

"ಬೆಸುಗೆ ಇಲ್ದೆ ಜುಮುಕಿ ನಿಲ್ಲುತ್ತಾ ತಾಯಿ?"

"ನಿಲ್ಲೋಕೆ ಹಾಕಿದ್ರೋ, ತೂಕಕ್ಕೆ ಹಾಕಿದ್ರೋ?"

ಅಷ್ಟರಲ್ಲಿ ಯಂತ್ರ ಜಯಶೀಲಮ್ಮನ ಬಳೆಗಳತ್ತ ತಿರುಗಿತು. ಅವೂ ಮೌನೇಶಾಚಾರಿಯೇ ಮಾಡಿದ್ದು!

"ಭದ್ರಾ, ಪ್ಲಗ್ ಕೀಳೋ!" ಎಂದು ವಿಶಾಲಮ್ಮ ಕೂಗಿದಳು.

"ಕಿತ್ತೆ ಅಕ್ಕಾ! ಕರೆಂಟ್ ಹೋದ್ರೂ ಕೆಲಸ ನಿಲ್ಲಬಾರದು ಅಂತ ಒಳಗೆ ಬ್ಯಾಟರಿ ಇಟ್ಟಿದೀನಿ!"

"ಸ್ವಿಚ್ಚು?"

"ಯಾವಾಗ ನಿಲ್ಲಬೇಕು ಅಂತಾನೂ ಅದೇ ತೀರ್ಮಾನ ಮಾಡ್ಲಿ ಅಂತ ಸ್ವಿಚ್ಚೇ ಇಟ್ಟಿಲ್ಲ!"

ಜಯಶೀಲಮ್ಮ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು, ಮೇಷ್ಟ್ರನ್ನೂ ಪೊಲೀಸರನ್ನೂ ಒಟ್ಟಿಗೇ ಕರೆಯುತ್ತಾ ಬೀದಿಗೆ ಓಡಿದರು. ಅರ್ಧ ಬಳೆ ಹೊಸ್ತಿಲಲ್ಲೇ ಬಿತ್ತು. ಯಂತ್ರ ಗಿರಕಿ ಹೊಡೆದು ದೇವರ ಕಡೆಗೆ ಹೊರಟಿತು.

"ತಾಳಿ! ತಾಳಿ ಎತ್ಕೊಳ್ಳೇ!" ಎಂದು ಮೌನೇಶಾಚಾರಿ ಎದ್ದುಬಿದ್ದು ನುಗ್ಗಿದ.

ವಿಶಾಲಮ್ಮನ ಕಣ್ಣು ತುಂಬಿ ಬಂತು. ಇಷ್ಟು ಅಕ್ಕರೆ ಇತ್ತೇ ಈ ಮನುಷ್ಯನಿಗೆ! ಅವನ ತೋಳು ಹಿಡಿದು ನಿಲ್ಲಿಸಿದಳು. "ಯಾಕ್ರೀ ಗಾಬರಿ? ನಮ್ಮಪ್ಪ ಮಾಡಿದ ತಾಳಿ ಅದು. ಸಿಳ್ಳೆ ಹಾಕುತ್ತೆ, ನೋಡ್ತಿರಿ."

ಸಿಳ್ಳೆ ಬರಲಿಲ್ಲ. ಗುರ್ ಎಂದಿತು. ಬಹಳ ಹೊತ್ತು ಗುರ್ ಎನ್ನುತ್ತಲೇ ಇತ್ತು. ತಟ್ಟೆಯ ಸುತ್ತ ತಾಮ್ರದ ಕೆಂಪು ಪುಡಿ ಹಾರಿತು. ಕೊನೆಗೆ ಎರಡು ತಾಳಿಬೊಟ್ಟು ಇದ್ದ ಜಾಗದಲ್ಲಿ ಸಾಸಿವೆ ಕಾಳಿನಷ್ಟು ಚಿನ್ನ ಉಳಿಯಿತು. ಆಗ ಯಂತ್ರ ಸಿಳ್ಳೆ ಹಾಕಿತು.

"ಭಾವ" ಎಂದ ವೀರಭದ್ರ. ಅವನ ದನಿಯಲ್ಲಿ ಈಗ ಹೆಮ್ಮೆ ಇರಲಿಲ್ಲ. "ಆವತ್ತು ಈ ತಾಳಿ ಮಾಡೋವಾಗ ಕುಲುಮೆಗೆ ತಿದಿ ಒತ್ತಿದೋನು ನಾನು. ಅಪ್ಪ ಬೇಕಾದ್ದಕ್ಕಿಂತ ಒಂದು ಚೂರೂ ಹೆಚ್ಚು ತಾಮ್ರ ಹಾಕ್ಲಿಲ್ಲ."

"ಸವೆದಿರುತ್ತೆ ಕಣೋ. ವರ್ಷ ವರ್ಷ ಹೊಳಪು ಕೊಟ್ರೆ ಚಿನ್ನ ಸವೆಯಲ್ವಾ?"

"ಚಿನ್ನ ಸವೆದ್ರೆ ತಾಮ್ರ ಬೆಳೆಯುತ್ತೇನ್ರೀ?" ಎಂದಳು ವಿಶಾಲಮ್ಮ.

ಅವನು ಪಂಚೆಯ ತುದಿಯಿಂದ ತಾಮ್ರದ ಪುಡಿ ಒರೆಸತೊಡಗಿದ. ಅವಳಿಗೆ ಈಗ ಅರ್ಥವಾಯಿತು. ಬಾಗಿಲು ಹಾಕಿಕೊಂಡು ಕೂರುತ್ತಿದ್ದದ್ದು ಇದಕ್ಕೇ. ವರ್ಷಕ್ಕೊಂದು ಚೂರು ತೆಗೆದು ತಾಮ್ರ ತುಂಬುತ್ತಿದ್ದ. ಮಾರನೆಯ ದಿನ ಅದೇ ಕಾಲುಗಳನ್ನು ಅವಳು ತೊಳೆಯುತ್ತಿದ್ದಳು. ತೊಳೆದ ನೀರನ್ನು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು!

ಯಂತ್ರದ ಕೆಲಸ ಮುಗಿದಿರಲಿಲ್ಲ. ಸಾಸಿವೆ ಕಾಳಿಗೆ ಜೊತೆ ಹುಡುಕಬೇಕಿತ್ತಲ್ಲ! ಗೋಡೆ ಮೂಸಿತು, ಬೀರು ಮೂಸಿತು, ಮೌನೇಶಾಚಾರಿಯ ಮುಂದೆ ಬಂದು ನಿಂತಿತು. ಅವನು ಗಬಕ್ಕನೆ ತುಟಿ ಮುಚ್ಚಿಕೊಂಡ. ಸೊಂಡಿಲು ಟಕ್ಕೆಂದು ಬಟ್ಟೆಚಕ್ರ ಸಿಕ್ಕಿಸಿಕೊಂಡು, ತುಟಿ ಬಿಡಿಸಿ ಒಳಗೆ ನುಗ್ಗಿತು. ಸಿಳ್ಳೆಯೋ ಸಿಳ್ಳೆ!

"ಅದೇ ಗಟ್ಟಿ ಅಕ್ಕಾ" ಎಂದು ವೀರಭದ್ರ ತಲೆ ಮೇಲೆ ಕೈ ಹೊತ್ತು ಕೂತ.

ಬ್ಯಾಟರಿ ಮುಗಿಯುವವರೆಗೂ ಸ್ವಯಂವರ ಆ ಹಲ್ಲನ್ನು ಉಜ್ಜಿತು. ಹೊಳಪು ಎಷ್ಟು ಏರಿತೆಂದರೆ, ಬಾಯಿ ಮುಚ್ಚಿಕೊಂಡರೂ ಕೆನ್ನೆಯೊಳಗಿಂದ ಬೆಳಕು ಕಾಣುತ್ತಿತ್ತು! ಆ ರಾತ್ರಿ ಕರೆಂಟ್ ಹೋದಾಗ ಪಕ್ಕದ ಮನೆಯವರು ಅವನ ಕೆನ್ನೆಯ ಬೆಳಕಿನಲ್ಲೇ ಸೊಪ್ಪು ಸೋಸಿಕೊಂಡರು. ಯಾಕೆ ಹೊಳೆಯುತ್ತಿದೆ ಎಂದು ಕೇಳಿದವರಿಗೆಲ್ಲ ವಿಶಾಲಮ್ಮ ಒಂದೂ ಬಿಡದೆ ಹೇಳಿದಳು.

ಬೆಳಗ್ಗೆ ಅವಳು ತಲೆಗೆ ಸ್ನಾನ ಮಾಡಿ, ಹೂವು, ಕುಂಕುಮ, ದೀಪ ಹಿಡಿದು ಬಂದಳು. ಕೊರಳಲ್ಲಿ ಅರಿಶಿನದ ಕೊಂಬು ಹಾಗೇ ಇತ್ತು. ಮೌನೇಶಾಚಾರಿಯ ಮುಖ ಅರಳಿತು. ಎಷ್ಟಾದರೂ ಹೆಂಡತಿ! ಮಣೆಯ ಮೇಲೆ ಕೂತು, ರೂಢಿಯಂತೆ ಎರಡೂ ಪಾದ ಮುಂದಕ್ಕೆ ಚಾಚಿದ.

ಅವಳು ಪಾದ ದಾಟಿಕೊಂಡು ಅವನ ಮುಖದ ಮುಂದೆ ಕೂತಳು.

"ಕಾಲು ಒಳಗೆ ಎಳ್ಕೊಳ್ಳಿ. ಬಾಯಿ ತೆಗೀರಿ. ನನ್ನ ತಾಳಿ ಇರೋದು ಅಲ್ಲಿ, ಕುಂಕುಮ ಅಲ್ಲಿಗೇ ಇಡ್ತೀನಿ."