ಹೇಳುವುದಕ್ಕೆ ಅರವತ್ತಮೂರು ಪದ

ನನ್ನ ಸೋದರಮಾವನಿಗೆ ಹೇಳುವುದಕ್ಕೆ ಹೆಚ್ಚೇನೂ ಇಲ್ಲ. ಆದರೆ 'ಹೇಳುವುದು' ಎಂಬ ಆ ಒಂದು ಕೆಲಸಕ್ಕೆ ಅವರ ಹತ್ತಿರ ಅರವತ್ತಮೂರು ಇಂಗ್ಲಿಷ್ ಪದಗಳಿವೆ! ಸ್ಟೇಟ್, ಕನ್ವೇ, ಕ್ಲಾರಿಫೈ, ಅಸರ್ಟ್, ಆರ್ಟಿಕ್ಯುಲೇಟ್... ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರದ ಸದ್ದಿಗೆ ತಮ್ಮ ಮಾತು ತಮಗೇ ಕೇಳಿಸದಂತೆ ಮೂವತ್ತು ವರ್ಷ ದುಡಿದವರು, ನಿವೃತ್ತಿಯಾದ ಮಾರನೆಯ ದಿನವೇ ಡೈರಿಯಲ್ಲಿ ಈ ಪದಗಳನ್ನು ಕೂಡಿಹಾಕಲು ಶುರುಮಾಡಿದರು. ಬೇರೆಯವರು ನಿವೃತ್ತರಾದರೆ ಕಾಶಿಗೆ ಹೋಗುತ್ತಾರೆ, ಇಲ್ಲವೇ ಸೊಸೆಯ ಅಡುಗೆಯಲ್ಲಿ ತಪ್ಪು ಹುಡುಕುತ್ತಾರೆ. ಇವರದು ಈ ದಾರಿ.

ಕೂಡಿಟ್ಟುಕೊಂಡು ಸುಮ್ಮನಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಬಳಸಬೇಕಲ್ಲ! ಅವರ ಪದ್ಧತಿ ಹೀಗೆ: ಯಾವ ಬಗೆಯಲ್ಲಿ ಹೇಳಲಿದ್ದೇನೆ ಎಂಬುದನ್ನು ಮೊದಲು ಇಂಗ್ಲಿಷಿನಲ್ಲಿ ಘೋಷಿಸುವುದು, ಆಮೇಲೆ ವಿಷಯವನ್ನು ಕನ್ನಡದಲ್ಲಿ ಹೇಳುವುದು.

"ಐ ಮೆನ್ಷನ್. ಕಾಫಿ."

ಅಡುಗೆಮನೆಯಲ್ಲಿ ಅತ್ತೆ ಅಲುಗುವುದಿಲ್ಲ.

"ಐ ಎಂಫಸೈಸ್. ಕಾಫಿ!"

"ಕೇಳಿಸ್ತು ರೀ. ಹಾಲಿಲ್ಲ, ಹೋಗಿ ತಗೊಂಡ್ ಬನ್ನಿ. ನಾನೀಗ ಹೇಳಿದ್ದು ಯಾವ್ದರಲ್ಲಿ ಬರುತ್ತೆ ಅಂತ ಡೈರೀಲಿ ಬರ್ಕೊಳಿ."

ಮಾವ ನಿಜಕ್ಕೂ ಬರೆದುಕೊಂಡರು: 'ಆರ್ಡರ್'.

ವಿಜಯನಗರದಲ್ಲಿ ಅವರ ಮನೆಯ ಮುಂದಿನ ರಸ್ತೆಗೆ ತರಕಾರಿ ಗಾಡಿ ತರುವವನು ಬಾಗಲಕೋಟೆ ಕಡೆಯವನು. "ಲೆಟ್ ಮಿ ಕ್ಲಾರಿಫೈ" ಎಂದು ಮಾವ ಒಂದು ಬದನೆಕಾಯಿ ಎತ್ತಿ ಹಿಡಿದರು. "ನಂಗೆ ಗುಂಡು ಬದನೇಕಾಯಿ ಬೇಡ, ಉದ್ದಂದು ಬೇಕು. ಐ ರಿಪೀಟ್..."

"ಯಜಮಾನ್ರ, ಕೈಯಾಗ ಹಿಡ್ಕೊಂಡೀರಲ್ಲ, ಅದ ಉದ್ದಂದು. ತಗೊಂಡ್ ಹೋಗ್ರಿ!"

ನಾನು ಆಗ ಪಕ್ಕದ ಹೂವಿನವಳ ಕಡೆ ತಿರುಗಿ, ಈ ಮನುಷ್ಯ ಯಾರೋ ಏನೋ ಎಂಬಂತೆ ಸೇವಂತಿಗೆ ಹೇಗೆ ಮೊಳ ಎಂದು ಕೇಳುತ್ತಿದ್ದೆ.

ನಗುವುದಕ್ಕೆ ನಿನಗೇನು ಯೋಗ್ಯತೆ ಇದೆ ಎಂದು ನೀವು ನನ್ನನ್ನು ಕೇಳಬೇಕು. ದಯವಿಟ್ಟು ಕೇಳಿ. ನಾನು ಇಲ್ಲೇ ಬೆಂಗಳೂರಿನ ಉಲ್ಲಾಳದ ಕಡೆಯ ಕಾಲೇಜೊಂದರಲ್ಲಿ 'ಕಮ್ಯುನಿಕೇಶನ್ ಸ್ಕಿಲ್ಸ್' ಪಾಠ ಮಾಡುವ ಮೇಷ್ಟ್ರು! ಚಿಕ್ಕದಾಗಿ, ಚೊಕ್ಕವಾಗಿ ಮಾತಾಡುವುದು ಹೇಗೆ ಎಂಬುದನ್ನು ಎಪ್ಪತ್ತು ಸ್ಲೈಡುಗಳಲ್ಲಿ ವಿವರಿಸುವವನು. ಒಮ್ಮೆ ಮಾವ ಫೋನ್ ಮಾಡಿ "ಲೋ, ಅಸರ್ಟ್‌ಗೂ ಡಿಕ್ಲೇರ್‌ಗೂ ಏನೋ ವ್ಯತ್ಯಾಸ?" ಎಂದಾಗ, "ಕ್ಲಾಸಲ್ಲಿದೀನಿ ಮಾವ" ಎಂದು ಸುಳ್ಳು ಹೇಳಿ, ಮೊಬೈಲಿನಲ್ಲಿ ಹುಡುಕಿ, ಕಾಲು ಗಂಟೆ ಬಿಟ್ಟು ಪಂಡಿತನ ಗತ್ತಿನಲ್ಲಿ ಉತ್ತರ ಕೊಟ್ಟಿದ್ದೆ.

ಇಂಥ ನಾನು ಎಂಟು ತಿಂಗಳಿಂದ ಸ್ವಂತ ಅಕ್ಕನಿಗೆ ಒಂದೇ ಒಂದು ಮಾತು ಹೇಳಲಾಗದೆ ಒದ್ದಾಡುತ್ತಿದ್ದೆ. ನಮ್ಮ ಗೃಹಪ್ರವೇಶದ ಆಹ್ವಾನ ಪತ್ರಿಕೆಯನ್ನು ಬರೆದದ್ದು ನಾನೇ. ಬೇರೆ ಯಾರ ಕನ್ನಡದ ಮೇಲೂ ನನಗೆ ನಂಬಿಕೆ ಇರಲಿಲ್ಲ ನೋಡಿ! ಕೊನೆಯಲ್ಲಿ 'ತಮ್ಮ ಆಗಮನಾಭಿಲಾಷಿಗಳು' ಎಂದು ಹಾಕಿ ಚಿಕ್ಕಪ್ಪಂದಿರನ್ನೂ ಅವರ ಮಕ್ಕಳನ್ನೂ, ಇನ್ನೂ ನಾಮಕರಣವಾಗದ ಕೂಸನ್ನೂ 'ಪಾಪು' ಎಂದು ಸೇರಿಸಿದ್ದೆ. ಬಿಟ್ಟುಹೋದದ್ದು ಒಂದೇ ಹೆಸರು, ಅಕ್ಕನ ಗಂಡನದು. ಆ ಮನೆ ಕಟ್ಟುವಾಗ ಕೆಂಗೇರಿಯಿಂದ ದಿನಾ ಬೆಳಿಗ್ಗೆ ಸ್ಕೂಟರಿನಲ್ಲಿ ಬಂದು ಗೋಡೆಗಳಿಗೆ ನೀರು ಹೊಡೆದು ಹೋಗುತ್ತಿದ್ದವರು ಭಾವ! ಅಕ್ಕ ಗೃಹಪ್ರವೇಶಕ್ಕೆ ಬರಲಿಲ್ಲ. ನಾನು ತಪ್ಪನ್ನು ಪ್ರೆಸ್ಸಿನವನ ಮೇಲೆ ಹಾಕಿ ಮೆಸೇಜ್ ಕಳಿಸಿದೆ. ಅಲ್ಲಿಗೆ ಅವಳು ಮಾತೇ ಬಿಟ್ಟಳು.

ಗೌರಿ ಹಬ್ಬ ಬಂತು. ಅಪ್ಪ ಅಮ್ಮ ಹೋದಮೇಲೆ ಅಕ್ಕನಿಗೆ ತವರು ಎಂದರೆ ನಾನೊಬ್ಬನೇ. ಬಾಗಿನ ಒಯ್ಯಬೇಕಾದವನೂ ನಾನೇ. ಅವಳು ಅದನ್ನು ಮುಟ್ಟದೆ ಹಿಂದಕ್ಕೆ ಕಳಿಸಿದರೆ? ಒಬ್ಬನೇ ಹೋಗಲು ಧೈರ್ಯ ಸಾಲದೆ ಮಾವನನ್ನು ಕರೆದೆ.

"ಐ ಅಶ್ಯೂರ್. ಒಪ್ಸೋದು ನಂಗ್ ಬಿಡು ಕಣೋ" ಎಂದರು.

ಮೆಟ್ರೋ ನಿಲ್ದಾಣದಲ್ಲಿ ಸೆಕ್ಯೂರಿಟಿಯ ಹೆಣ್ಣುಮಗಳು ಬಟ್ಟೆ ಮುಚ್ಚಿದ ಮೊರ ಕಂಡು ಇದೇನು ಎಂದು ಕೇಳಿದಳು. ಮಾವ "ಪರ್ಮಿಟ್ ಮಿ ಟು ಎಕ್ಸ್‌ಪ್ಲೇನ್" ಎಂದು ಶಿವಪಾರ್ವತಿಯರಿಂದ ಶುರುಮಾಡಿದರು. ಹಿಂದೆ ಸಾಲು ಬೆಳೆಯಿತು. "ಬಾಗಿನ ಅನ್ನೋಕೆ ಇಷ್ಟೊತ್ತಾ ಸಾರ್? ನಮ್ಮನೇಲೂ ಕೊಡ್ತಾರೆ, ಹೋಗಿ" ಎಂದಳು ಆಕೆ.

ರೈಲಿನಲ್ಲಿ ಪದದ ಆಯ್ಕೆ ನಡೆಯಿತು. 'ಕನ್ವೇ' ತೀರಾ ತೆಳುವಾಯಿತು, 'ಅಸರ್ಟ್' ಜಗಳಕ್ಕೆ ಹೋದಂತಾಗುತ್ತದೆ. ನಾಯಂಡಹಳ್ಳಿ ದಾಟುವ ಹೊತ್ತಿಗೆ 'ಐ ಹಂಬ್ಲಿ ಸಬ್ಮಿಟ್' ಎಂದು ತೀರ್ಮಾನವಾಯಿತು. ನಾನೂ ಅದನ್ನೇ ಬಾಯಿಪಾಠ ಮಾಡಿಕೊಂಡೆ, ಎಪ್ಪತ್ತು ಸ್ಲೈಡಿನ ಮೇಷ್ಟ್ರು!

ಬಾಗಿಲು ತೆಗೆದ ಅಕ್ಕ ನನ್ನ ಮುಖ ನೋಡಲಿಲ್ಲ. "ಬನ್ನಿ ಮಾವ" ಎಂದಳು, ಅವರೊಬ್ಬರಿಗೆ. ನಾನು ಮೊರ ಹಿಡಿದು ಹೊಸಿಲಾಚೆಯೇ ನಿಂತೆ. ಸಬ್ಮಿಟ್ಟೂ ಇಲ್ಲ, ಗಿಬ್ಮಿಟ್ಟೂ ಇಲ್ಲ, ಎಲ್ಲ ಮರೆತುಹೋಯಿತು.

"ಅಕ್ಕಾ, ಆಕ್ಚುಲಿ ಏನಾಯ್ತು ಅಂದ್ರೆ, ಒಂಥರಾ ಕಮ್ಯುನಿಕೇಶನ್ ಗ್ಯಾಪ್..."

ಅಕ್ಕನ ಕೈ ಬಾಗಿಲಿನ ಕಡೆ ಹೋಯಿತು. ನಾನು ಗಾಬರಿಯಿಂದ ಮಾವನನ್ನು ನೋಡಿದೆ. ಅವರು ಡೈರಿ ತೆಗೆಯಲಿಲ್ಲ. ಗಂಟಲು ಸರಿಮಾಡಿಕೊಳ್ಳಲೂ ಇಲ್ಲ. ಎರಡೂ ಕೈ ಜೋಡಿಸಿಬಿಟ್ಟರು.

"ತಪ್ಪು ನಂದು ಕಣಮ್ಮ. ಕಾರ್ಡಿನ ಪ್ರೂಫ್ ನೋಡಿದ್ದು ನಾನು. ಕಣ್ಣು ಮಂಜು, ನಿನ್ ಯಜಮಾನ್ರ ಹೆಸರು ಬಿಟ್ಟೋಗಿದ್ದು ಕಾಣಿಸ್ಲಿಲ್ಲ. ಬೈಯೋದಿದ್ರೆ ನನ್ನ ಬೈಯಿ. ಇವನನ್ನ ಬಾಗಿಲಲ್ಲಿ ನಿಲ್ಲಿಸ್ಬೇಡ."

ಮಾವ ಆ ಪ್ರೂಫನ್ನು ಕಣ್ಣಿಂದ ಕೂಡ ನೋಡಿರಲಿಲ್ಲ. ಒಮ್ಮೆ ತೋರಿಸೋ ಎಂದು ಎರಡು ಸಲ ಕೇಳಿದ್ದರು. ಲೇತ್ ಕೆಲಸದವರು ನನ್ನ ಬರಹ ತಿದ್ದುವುದೇ ಎಂದು ನಾನೇ ತೋರಿಸಿರಲಿಲ್ಲ. ಈಗ ಅವರು, ಎತ್ತಿ ಆಡಿಸಿದ ಹುಡುಗಿಯ ಮುಂದೆ ನನ್ನ ತಪ್ಪಿಗಾಗಿ ಕೈಮುಗಿದು ನಿಂತಿದ್ದಾರೆ. ಅಷ್ಟು ನಾಚಿಕೆ ನನಗೆ ಹಿಂದೆಂದೂ ಆಗಿರಲಿಲ್ಲ.

"ಇಲ್ಲ ಅಕ್ಕಾ. ಮಾವ ನೋಡೇ ಇಲ್ಲ. ಮರ್ತಿದ್ದು ನಾನು. ಪ್ರೆಸ್ಸಿನವನದು ಅಂದಿದ್ದೂ ಸುಳ್ಳು. ತಪ್ಪಾಯ್ತು."

ಅಕ್ಕ ಆಗ ನನ್ನ ಮುಖ ನೋಡಿದಳು. ಆಮೇಲೆ ಮಾವನ ಜೋಡಿಸಿದ ಕೈಗಳನ್ನು ಹಿಡಿದು ಕೆಳಗಿಳಿಸಿದಳು. ಸೆರಗು ಮುಂದೆ ಚಾಚಿ ನನ್ನ ಕೈಯಿಂದ ಮೊರ ತೆಗೆದುಕೊಂಡಳು. ಅವಳ ಕಣ್ಣು ತುಂಬಿತ್ತು, ನನ್ನದೂ.

"ನಿನ್ ಭಾವ ಒಳಗಿದಾರೆ," ಎಂದಳು. "ಹೋಗು. ಅವ್ರಿಗೂ ಇಷ್ಟೇ ಹೇಳು."