ತಮ್ಮ ಹಿಡಿದಿಟ್ಟ ಸೀಟು

ನನ್ನ ತಮ್ಮನಿಗೆ ಒಂದು ಸುತ್ತು ಕಡಿಮೆ ಎಂದು ಊರಿಗೆಲ್ಲ ಮೊದಲು ಹೇಳಿದವಳು ನಾನೇ. ಅಕ್ಕನಾದವಳಿಗೆ ಅಷ್ಟೂ ಹಕ್ಕಿಲ್ಲವೇ?

ಬಣಕಲ್‌ನಲ್ಲಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿಯುವುದು ಅವನ ಚಾಳಿ. ತನಗಲ್ಲ, ಹಿಂದೆ ಓಡಿ ಬರುತ್ತಿರಬಹುದಾದ ಯಾರಿಗೋ! ಒಮ್ಮೆ ಮೂಡಿಗೆರೆಯವರೆಗೂ ಯಾರೂ ಬರಲಿಲ್ಲ. ಸೀಟಿನ ಪಕ್ಕ ಇವನು ನಿಂತೇ ಹೋದ. "ಟವೆಲಿಗೆ ಎಲ್ಲಿಗೆ ಟಿಕೆಟ್ ಕೊಡ್ಲಿ?" ಎಂದನಂತೆ ಕಂಡಕ್ಟರ್.

ಇಂಥವನನ್ನು ನಮ್ಮ ಮಹಿಳಾ ಸಂಘ ಬೋಳುಗುಡ್ಡದ ಕಾವಲಿಗೆ ಹಾಕಿತು. ಸಂಘದ ನರ್ಸರಿಯಲ್ಲಿ ಬೆಳೆಸಿದ ಹಲಸು, ನೇರಳೆ, ಹೊನ್ನೆ ಗಿಡಗಳನ್ನು ಕಳೆದ ಮಳೆಗಾಲದಲ್ಲಿ ಅಲ್ಲಿ ನೆಟ್ಟಿದ್ದೆವು. ಬೇಸಿಗೆ ದಾಟಿ ಉಳಿದರೆ ಮುಂದಿನ ವರ್ಷವೂ ನರ್ಸರಿ ಕೆಲಸ. ಇಲ್ಲವಾದರೆ ಹೆಂಗಸರೆಲ್ಲ ಕೂಲಿ ಕೇಳಿಕೊಂಡು ಎಸ್ಟೇಟಿಂದ ಎಸ್ಟೇಟಿಗೆ ಅಲೆಯಬೇಕು. ಆದರೆ ಅಷ್ಟೆತ್ತರಕ್ಕೆ ನೀರು ಹೊರುವವರು ಯಾರು?

ತಮ್ಮ ಒಂದೊಂದು ಗಿಡಕ್ಕೂ ಊರಿನ ಒಬ್ಬೊಬ್ಬರ ಹೆಸರು ಬರೆದ ತಗಡು ಕಟ್ಟಿದ. ಆಮೇಲೆ ದಿನಾ ಬೆಳಿಗ್ಗೆ ಮನೆಮನೆಗೆ ಹೋಗಿ ಸಮಾಚಾರ ಹೇಳತೊಡಗಿದ.

"ಭಟ್ರೇ, ನೀವು ತುದಿಯಿಂದ ಒಣಗ್ತಾ ಇದೀರಿ."

ಗಟ್ಟಿಮುಟ್ಟಾಗಿದ್ದ ಭಟ್ಟರು ಹೆದರಿ ಕೊಡ ಹೊತ್ತು ಗುಡ್ಡ ಹತ್ತಿದರು.

ಅಂಗಡಿ ಯಜಮಾನರು ಮಾತ್ರ ಬಗ್ಗಲಿಲ್ಲ. "ಒಣಗಿದ್ರೆ ಒಣಗ್ಲಿ ಮಾರಾಯ, ನಂಗೆ ವ್ಯಾಪಾರ ಇದೆ."

"ಸರಿ ಬಿಡಿ. ಪಕ್ಕದಲ್ಲೇ ನಿಮ್ಮ ಬೀಗರನ್ನ ನೆಟ್ಟಿದೀನಿ. ಅವ್ರು ನಿಮಗಿಂತ ಎರಡು ಗೇಣು ಜಾಸ್ತಿ ಬಂದಿದಾರೆ."

ಆ ಸಂಜೆ ಅಂಗಡಿ ಬೇಗ ಮುಚ್ಚಿತು.

ನನ್ನ ಹೆಸರಿನ ಹಲಸನ್ನು ದನ ಮೇಯ್ದಿತು. ದನ ನಮ್ಮದೇ. "ಚಿಂತೆ ಮಾಡ್ಬೇಡಕ್ಕ, ಹಾಲಲ್ಲಿ ಸಿಗ್ತೀಯ" ಎಂದ.

ಗುಡ್ಡದ ನೆತ್ತಿಯಲ್ಲಿ ಒಂದು ಹಲಸಿಗೆ ಮಾತ್ರ ತಗಡಿರಲಿಲ್ಲ. ಅದರ ಊರುಗೋಲಿಗೆ ಅವನ ಹಳೆಯ ಟವೆಲ್ ಕಟ್ಟಿತ್ತು. ಅದಕ್ಕೆ ನೀರು ಹೊರುವವನೂ ಅವನೇ.

"ಯಾರೋ ಈ ದೊರೆ?"

"ಬರ್ತಾರೆ, ಇರು."

ಹುಚ್ಚು ಎಂದು ನಕ್ಕೆ.

ಮಳೆ ಹಿಡಿಯಿತು. ನನ್ನದೊಂದು ಬಿಟ್ಟು ಗಿಡಗಳೆಲ್ಲ ಉಳಿದವು, ಹೆಂಗಸರ ಕೆಲಸವೂ ಉಳಿಯಿತು. ಅದೇ ವಾರ ನನ್ನ ಮಗಳು ಹೆಣ್ಣುಮಗು ಹೆತ್ತಳು! ಮದುವೆಯಾಗಿ ಹನ್ನೊಂದು ವರ್ಷ. ನಾವು ಆ ಮಾತು ಎತ್ತುವುದನ್ನೇ ಬಿಟ್ಟಿದ್ದೆವು. ಸುದ್ದಿ ಬಂದಾಗ ಎದುರಿಗೆ ಸಿಕ್ಕಿದ್ದು ದನ. ಅದಕ್ಕೇ ಮೊದಲು ಹೇಳಿದೆ. ನನ್ನನ್ನು ಮೇಯ್ದದ್ದನ್ನೂ ಮಾಫಿ ಮಾಡಿದೆ.

ಹೆಸರಿಟ್ಟ ದಿನ ಊಟಕ್ಕೂ ಕೂರದೆ ತಮ್ಮ ಹೊಸ ತಗಡು ಹಿಡಿದು ಗುಡ್ಡ ಹತ್ತಿದ. ನಾನೂ ಏದುಸಿರು ಬಿಡುತ್ತ ಹಿಂದೆ ಹೋದೆ. ಅವನು ನೆತ್ತಿಯ ಹಲಸಿನ ಟವೆಲ್ ಬಿಚ್ಚಿ, ಆ ಜಾಗಕ್ಕೆ ಮೊಮ್ಮಗಳ ಹೆಸರು ಕಟ್ಟಿದ. ಅದನ್ನು ನೆಟ್ಟಾಗ ಮಗಳು ಬಸುರಿಯೂ ಆಗಿರಲಿಲ್ಲ.

"ಅಲ್ವೋ, ಯಾರೂ ಬರದೇ ಹೋಗಿದ್ರೆ?"

ಟವೆಲನ್ನು ಹೆಗಲಿಗೆ ಹಾಕಿಕೊಂಡ.

"ನಿಂತೇ ಇರ್ತಿದ್ದೆ ಅಕ್ಕ."