ಏಳುನೂರು ಎಂಬಿಯ ಉದಾರಿ

"ಇಡೀ ಲೋಕಾನ ಏಳುನೂರು ಎಂಬಿಯೊಳಗೆ ಹೇಗಪ್ಪಾ ತುಂಬೋದು?"

ಹಂಗಾಮಿ ಗುಮಾಸ್ತ ಈ ಪ್ರಶ್ನೆಯನ್ನು ಯಾರನ್ನೂ ಕೇಳಿದ್ದಲ್ಲ. ಗ್ರಂಥಾಲಯದ ಕಂಪ್ಯೂಟರ್ ಕೋಣೆಯಲ್ಲಿ ಅವನನ್ನು ಬಿಟ್ಟರೆ ಮೇಜಿನ ಮೇಲಿನ ಫ್ಯಾನ್ ಒಂದೇ ಇತ್ತು. ಅದೂ 'ಇಲ್ಲ, ಇಲ್ಲ' ಎಂಬಂತೆ ಎಡಕ್ಕೂ ಬಲಕ್ಕೂ ತಲೆಯಾಡಿಸುತ್ತಿತ್ತು.

ಅವನು ತಯಾರಿಸುತ್ತಿದ್ದುದು ಏಳುನೂರು ಮೆಗಾಬೈಟ್, ಅಂದರೆ ಎಂಬಿ, ಹಿಡಿಯುವ ಒಂದು ಲೈವ್ ಡಿಸ್ಕ್. ಎಂಥ ಹಳೆಯ ಕಂಪ್ಯೂಟರಿಗೆ ಹಾಕಿ ಗುಂಡಿ ಒತ್ತಿದರೂ, ಅದರೊಳಗಿನ ಏನನ್ನೂ ಮುಟ್ಟದೆ, ಡಿಸ್ಕಿನಲ್ಲಿರುವ ಲಿನಕ್ಸ್ ಎಂಬ ಮುಕ್ತ ತಂತ್ರಾಂಶ ತಾನೇ ಎದ್ದು ಬರಬೇಕು. ಬಂದು ಹಾಡು, ಚಿತ್ರ, ಕತೆ, ಪದ್ಯವಾಚನಗಳನ್ನು ಪರದೆಯ ಮೇಲೆ ಹರಡಿ ಕೂರಬೇಕು. ಅವೆಲ್ಲವೂ ಮಾಡಿದವರೇ 'ಯಾರು ಬೇಕಾದರೂ ನಕಲು ಮಾಡಿ, ಹಂಚಿ, ಬದಲಾಯಿಸಿ. ನಮ್ಮ ಹೆಸರನ್ನು ಮಾತ್ರ ಅಳಿಸಬೇಡಿ' ಎಂದು ಬರೆದುಕೊಟ್ಟಂಥವು.

ಸಂಜೆ ಐದಕ್ಕೆ ಆಡಳಿತ ಮಂಡಳಿಯ ಅಧ್ಯಕ್ಷೆ ಅದನ್ನು ನೋಡಲು ಬರುವವರಿದ್ದರು. ಮೆಚ್ಚಿದರೆ ಆರು ವರ್ಷದ ಹಂಗಾಮಿ ನೌಕರಿ ಖಾಯಂ. ಮೆಚ್ಚದಿದ್ದರೆ ತಿಂಗಳ ಕೊನೆಗೆ ಮನೆ. ಅಧ್ಯಕ್ಷೆ ನಿವೃತ್ತ ಅಧ್ಯಾಪಕಿ. ಪದ್ಯದಲ್ಲಿ ಒಂದು ಮಾತ್ರೆ ತಪ್ಪಿದರೆ ಅವರ ಹುಬ್ಬು ಮೇಲೇಳುತ್ತಿತ್ತು. ಎರಡು ತಪ್ಪಿದರೆ ಅವರೇ ಮೇಲೇಳುತ್ತಿದ್ದರು. ಅದಕ್ಕೇ ಅವನು ಒಂದು ಮಾತ್ರೆಯೂ ತಪ್ಪದ ತನ್ನ ಸೋದರತ್ತೆಯ ಪದ್ಯವಾಚನವನ್ನು ಡಿಸ್ಕಿನ ನಡುಮಧ್ಯೆ ಕೂರಿಸಿದ್ದ. ಆಕೆಯಿಂದಲೂ ಪರವಾನಗಿ ಪತ್ರಕ್ಕೆ ರುಜು ಹಾಕಿಸಿಕೊಂಡಿದ್ದ. "ಎತ್ತಿ ಆಡಿಸಿದ ಅತ್ತೆ ಹತ್ರಾನೇ ರುಜು ಕೇಳ್ತೀಯೇನೋ?" ಎಂದು ಆಕೆ ಎರಡು ದಿನ ಮಾತು ಬಿಟ್ಟಿದ್ದಳು. ಈಗ ಗ್ರಂಥಾಲಯದಲ್ಲಿ ಅವನ ಹೆಸರೇ 'ಪರವಾನಗಿ'.

ಹತ್ತೂವರೆಗೆ, ಹರಿದ ಪುಸ್ತಕಗಳಿಗೆ ರಟ್ಟು ಕಟ್ಟುವ ಬೈಂಡರ್ ಬಂದ. "ಪರವಾನಗಿ, ನಮ್ಮ ಭಾವಮೈದುನನ ಕೊಳಲು ಹಾಕಯ್ಯ. ಕಲ್ಲೂ ಕರಗತ್ತೆ."

"ಹಾಡು ಯಾರದ್ದಣ್ಣ?"

"ಯಾವ್ದೋ ಸಿನಿಮಾದ್ದು. ಆದ್ರೆ ಗಾಳಿ ಅವಂದೇ."

"ಬರೀ ಗಾಳಿ ಹಾಕೋಕೆ ಬರಲ್ಲಣ್ಣ."

ಬೈಂಡರ್ ಗೋಂದಿನ ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿ, ಮತ್ತೆ ಎತ್ತಿಕೊಂಡು ಹೋದ.

ಹಿಂದೆಯೇ ಕಾವಲುಗಾರ ತನ್ನ ಬೆಕ್ಕಿನ ಫೋಟೋ ತಂದ. "ನಾನೇ ತೆಗ್ದಿದ್ದು ಸಾರ್. ಬೆಕ್ಕಿಂದೂ ರುಜು ಬೇಕಾ?" ಬೇಡವೆಂದ ಮೇಲೆ ಅಕ್ಷರ ಕೆತ್ತುವವನಂತೆ ತನ್ನ ರುಜು ಹಾಕಿಕೊಟ್ಟ. ನೋಡಿದರೆ ಫೋಟೋ ಎಂಟು ಎಂಬಿ! ಬೆಕ್ಕು ಒಳಗೆ ಬಂತು, ಒಂದು ಜೋಗುಳ ಹೊರಗೆ ಹೋಯಿತು.

ಹನ್ನೆರಡಕ್ಕೆ ಕ್ಯಾಟಲಾಗ್ ಅಕ್ಕ ಬಂದಳು. ಪುಸ್ತಕಗಳಿಗೆಲ್ಲ ಕಾರ್ಡು ಬರೆಯುವುದು ಅವಳ ಕೆಲಸ. ತಾನೇ ಕಟ್ಟಿ ತಾನೇ ಹಾಡಿದ ನಲವತ್ತೆರಡು ಪದ್ಯಗಳ ಪೆನ್ ಡ್ರೈವ್, ಒಂದೊಂದಕ್ಕೂ ಪರವಾನಗಿ ಪತ್ರ, ಪತ್ರಕ್ಕೆ ಮೂರು ಮೂರು ಪ್ರತಿ ಅವಳ ಕೈಯಲ್ಲಿದ್ದವು. ಅವನು ಒಂದನ್ನು ಹಚ್ಚಿ ಕೇಳಿದ. ಹದ್ದು ಕಂಡ ಕೋಳಿಮರಿಗಳಂತೆ ಮಾತ್ರೆಗಳು ದಿಕ್ಕಾಪಾಲಾಗಿ ಓಡುತ್ತಿದ್ದವು. ಪ್ರಾಸ ಹಿಂದಿನಿಂದ ಕುಂಟುತ್ತ ಬರುತ್ತಿತ್ತು. ಅತ್ತೆಯ ವಾಚನ ಕೇಳಿ ಬೆಳೆದ ಅವನ ಕಿವಿ, ಮುಚ್ಚಿಕೊಳ್ಳಲು ರೆಪ್ಪೆಯಿಲ್ಲವಲ್ಲಾ ಎಂದು ಗೋಳಾಡಿತು.

"ತುಂಬಾ ಚೆನ್ನಾಗಿದೆ ಅಕ್ಕ. ಜಾಗ ಇಲ್ವಲ್ಲ."

"ಬೆಕ್ಕಿಗೆ ಇತ್ತು."

ಅವನು ಹಣೆ ಒರೆಸಿಕೊಂಡ. "ಒಂದು ಕೆಲಸ ಮಾಡಿ ಅಕ್ಕ. ಈ ಡಿಸ್ಕಿನ ನಕಲನ್ನ ನಿಮ್ಮ ಕಂಪ್ಯೂಟರಿಗೆ ಕಳಿಸ್ತೀನಿ. ಬೇಕಾದ್ದು ಹಾಕಿ, ಬೇಡದ್ದು ತೆಗೀರಿ. ಹೇಗೆ, ಏನು ನಿಯಮ ಅಂತ ಎಲ್ಲಾ ಬರೆದು ಗೋಡೆಗೆ ಅಂಟಿಸಿದ್ದೀನಿ. ಯಾರೂ ಬೇಡ ಅನ್ನೋ ಹಾಗಿಲ್ಲ."

"ನೀನೂ?"

"ನಾನೂ."

ಅಕ್ಕ ಪತ್ರಗಳನ್ನು ಎತ್ತಿಕೊಂಡು ಹೊರಟುಹೋದಳು. ಅವನಿಗೆ ಜೀವ ಬಂದಂತಾಯಿತು. ಗೋಡೆಗೆ ಅಂಟಿಸಿದ್ದನ್ನು ಓದುವವರು ಭೂಮಿಯ ಮೇಲೆ ಯಾರೂ ಇಲ್ಲವೆಂಬುದು ಅವನ ಆರು ವರ್ಷದ ಅನುಭವ.

ಆಮೇಲೆ ಶುರುವಾಯಿತು ನಿಜವಾದ ಪೀಕಲಾಟ. ಅವನ ಬಳಿ ಉಳಿದಿದ್ದ ಖಾಲಿ ಡಿಸ್ಕು ಮೂರೇ. ಮೊದಲನೆಯದು ಅರ್ಧಕ್ಕೆ ನಿಂತಿತು. ಎರಡನೆಯದು ಪರದೆಯನ್ನು ಕಪ್ಪಾಗಿಸಿ, ಮೂಲೆಯಲ್ಲೊಂದು ಬಿಳಿ ಗೆರೆಯನ್ನು ಮಿಟಮಿಟ ಕುಣಿಸಿ ಅಣಕಿಸಿತು. ನಾಲ್ಕೂ ಮುಕ್ಕಾಲಿಗೆ, ಅತ್ತೆ ಕಲಿಸಿದ ಸ್ತುತಿಪದ್ಯವನ್ನು ತುಟಿಯಲ್ಲೇ ಗುನುಗುತ್ತ ಮೂರನೆಯದನ್ನು ಒಳಗೆ ತಳ್ಳಿದ. ಯಂತ್ರ ಗುರ್ರೆಂದಿತು, ನಿಂತಿತು, ಮತ್ತೆ ಗುರ್ರೆಂದಿತು. ಪರದೆ ಬೆಳಗಿತು!

ಐದಕ್ಕೆ ಸರಿಯಾಗಿ ಅಧ್ಯಕ್ಷೆ ಬಂದು ಕೂತರು. ಚಿತ್ರ ನೋಡಿದರು, ಬೆಕ್ಕಿಗೂ ತಲೆದೂಗಿದರು. ಅತ್ತೆಯ ವಾಚನ ಮೊದಲಾದಾಗ ಕಣ್ಣು ಮುಚ್ಚಿಕೊಂಡರು. ಅವನು ಅವರ ಹುಬ್ಬನ್ನೇ ನೋಡುತ್ತಿದ್ದ. ಹುಬ್ಬು ಅಲುಗಲಿಲ್ಲ.

"ಇಂಥದ್ದು ಕೇಳಿ ಎಷ್ಟು ಕಾಲ ಆಗಿತ್ತಪ್ಪ," ಎಂದರು ಕಣ್ಣು ತೆರೆದು. "ಮನೆಗೆ ಒಯ್ದು ಪೂರ್ತಿ ಕೇಳ್ತೀನಿ. ಎಲ್ಲ ಹೀಗೇ ಇದ್ರೆ ಬೆಳಿಗ್ಗೆನೇ ನಿನ್ನ ಆರ್ಡರಿಗೆ ರುಜು." ಹೀಗೆಂದು ಮುಖ್ಯಸ್ಥರ ಕೋಣೆಗೆ ಚಹಾಕ್ಕೆ ಹೋದರು.

ಗುಮಾಸ್ತ ಡಿಸ್ಕನ್ನು ಯಂತ್ರದಿಂದ ತೆಗೆದು, ಒರೆಸಿ, ಅವರಿಗೆ ಕೊಡಲೆಂದು ಹೊರಗೆ ಓಡಿದ. ಬಾಗಿಲಲ್ಲೇ ಬೈಂಡರ್ ಅಡ್ಡ ಬಂದು ಬೆನ್ನು ತಟ್ಟಿದ. "ಭಲೇ ಪರವಾನಗಿ! ಅಕ್ಕನ ನಲವತ್ತೆರಡೂ ಹಾಕಿಬಿಟ್ಯಲ್ಲೋ!"

ಬೈಂಡರನ ಕೈಯಲ್ಲೊಂದು ಡಿಸ್ಕ್ ಇತ್ತು. ಲಕೋಟೆಯ ಮೇಲೆ ಮುತ್ತಿನಂಥ ಅಕ್ಷರದಲ್ಲಿ ಗುಮಾಸ್ತನ ಪೂರ್ತಿ ಹೆಸರು, ಹೆಬ್ಬೆರಳಿನಷ್ಟು ದಪ್ಪಗೆ. ಕೆಳಗೆ ಇರುವೆ ಗಾತ್ರದಲ್ಲಿ 'ಅಲ್ಪ ಬದಲಾವಣೆಗಳೊಂದಿಗೆ'.

ಪಡಸಾಲೆಯ ಮೇಜಿನ ಹಿಂದೆ ಕ್ಯಾಟಲಾಗ್ ಅಕ್ಕ ನಿಂತಿದ್ದಳು. ಮುಂದೆ, ತಾನೇ ಅಂಗಡಿಯಿಂದ ಕೊಂಡುತಂದ ಡಿಸ್ಕುಗಳಲ್ಲಿ, ಅಂಥವೇ ಇನ್ನೂ ಎಂಟು.

"ಅಕ್ಕ, ನಮ್ಮತ್ತೆ ವಾಚನ?"

"ಜಾಗ ಇರ್ಲಿಲ್ಲ ಕಣೋ. ತೆಗೆದೆ."

"ಅಧ್ಯಕ್ಷೆಗೆ ಕೊಟ್ರಾ?"

"ಮೊದಲನೇದೇ ಅವರಿಗೆ. ನಿನ್ನ ಹೆಸರು ನೋಡಿ ಖುಷಿಯಾಗಿ ಬ್ಯಾಗಿಗೆ ಹಾಕ್ಕೊಂಡ್ರು."

ಅವನು ಕೈಮುಗಿದ. "ಅಕ್ಕ, ದಮ್ಮಯ್ಯ, ಅವರಿನ್ನೂ ಚಹಾ ಕುಡೀತಿದ್ದಾರೆ. ವಾಪಸ್ ತಗೊಳ್ಳಿ."

"ಹಂಚೋದನ್ನ ಯಾರೂ ತಡೆಯೋ ಹಾಗಿಲ್ಲ. ಗೋಡೆ ಮೇಲಿದೆ, ಎರಡು ಸಲ ಓದಿದೆ."

"ಹೋಗ್ಲಿ, ಹಂಚಿ. ನನ್ನ ಹೆಸರೊಂದನ್ನ ಅಳಿಸಿಬಿಡಿ. ನಿಮ್ಮದೇ ದೊಡ್ಡದಾಗಿ ಬರೀರಿ. ನಿಮ್ಮ ಕಾಲಿಗೆ ಬೀಳ್ತೀನಿ."

ಅಕ್ಕ ಕನ್ನಡಕ ತೆಗೆದು, ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡು ಅವನನ್ನು ನೋಡಿದಳು. ಆ ನೋಟದಲ್ಲಿ ಕರುಣೆಗೇನೂ ಕೊರತೆಯಿರಲಿಲ್ಲ.

"ಮಾಡಿದವರ ಹೆಸರು ಅಳಿಸೋದಾ? ಆಗಲ್ಲ."